ಲೆಕ್ಕ ತಾಳೆಯಾಯ್ತು, ಪಾರ್ವತಮ್ಮ ಸಿಗಲಿಲ್ಲ

ಒಂದು ಸಹಕಾರ ಸಂಘದ ಸದಸ್ಯರ ಪಟ್ಟಿಯನ್ನು ಹಳೇ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಿಂದ ಪೋಸ್ಟ್‌ಗ್ರೆಸ್ ಅನ್ನೋ ಇನ್ನೊಂದು ಡೇಟಾಬೇಸ್‌ಗೆ ಸಾಗಿಸಬೇಕಿತ್ತು. ಹೆಸರೆಲ್ಲ ನುಡಿ ಫಾಂಟಿನ ಹಳೇ ಸಂಕೇತಗಳಲ್ಲಿದ್ದವು, ಆ ಫಾಂಟ್ ಹಾಕಿದರೆ ಮಾತ್ರ ಕನ್ನಡವಾಗಿ ಕಾಣುವಂಥವು. ಯಾವ ಸಂಕೇತಕ್ಕೆ ಯಾವ ಅಕ್ಷರ ಅಂತ ಒಂದು ಪಟ್ಟಿ ಮಾಡಿಕೊಂಡು, ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದು ಈಗ ಎಲ್ಲೆಡೆ ನಡೆಯುವ ಯುನಿಕೋಡ್‌ಗೆ ತಿರುಗಿಸಿ, ಸಿಎಸ್‌ವಿ ಫೈಲ್ ಮಾಡಿ ತುಂಬಿದೆ. ಎರಡೂ ಕಡೆ ಸಾಲುಗಳ ಲೆಕ್ಕ ತಾಳೆಯಾಯ್ತು. ಭಾನುವಾರ ನೆಮ್ಮದಿಯಾಗಿ ಮಲಗಿದೆ.

ಸೋಮವಾರ ಬೆಳಿಗ್ಗೆಯೇ ಕೌಂಟರ್‌ನಿಂದ ಫೋನ್. "ಸಾರ್, ಪಾರ್ವತಮ್ಮ ಅಂತ ಹುಡುಕಿದ್ರೆ ಒಬ್ರೂ ಬರ್ತಿಲ್ಲ. ನಮ್ಮೂರಲ್ಲಿ ಪಾರ್ವತಮ್ಮ ಇಲ್ದೇ ಇರ್ತಾರಾ?"

ನೋಡಿದರೆ ಎಲ್ಲರೂ 'ಪಾವರ್ತಮ್ಮ' ಆಗಿದ್ದರು. ಅರ್ಕಾವತ್ತು ಕಣ್ಣಿಗೆ ಅಕ್ಷರದ ಆಮೇಲೆ ಕಾಣುತ್ತದೆ, ಹಳೇ ಡೇಟಾದಲ್ಲೂ ಆಮೇಲೇ ಕೂತಿತ್ತು. ಯುನಿಕೋಡ್‌ನಲ್ಲಿ 'ರ್' ಮುಂಚೆ ಬರಬೇಕು. ಅದನ್ನು ಒಂದು ಚಿಹ್ನೆಯಷ್ಟು ಹಿಂದಕ್ಕೆ ತಳ್ಳಿದೆ. ಪಾರ್ವತಮ್ಮ ಸರಿಹೋದರು, 'ಕರ್ನಾಟಕ' ಸರಿಹೋಗಲಿಲ್ಲ. 'ನಾ'ಗೆ ದೀರ್ಘ ಇದೆಯಲ್ಲ, 'ರ್' ಅದನ್ನಷ್ಟೇ ದಾಟಿ 'ನ' ಹತ್ತಿರ ನಿಂತುಬಿಟ್ಟಿತ್ತು. ದೀರ್ಘ, ಒತ್ತಕ್ಷರ ಎಲ್ಲ ಸೇರಿ ಇಡೀ ಅಕ್ಷರವನ್ನೇ ದಾಟಿಸಬೇಕು ಅಂತ ಆಮೇಲೆ ಹೊಳೆಯಿತು.

ವಿಳಾಸದ ಕಾಲಂ ಇನ್ನೊಂದು ಪಾಡು. ಕೆಲವರು ಇಂಗ್ಲಿಷ್‌ನಲ್ಲಿ ಬರೆಸಿದ್ದರು. ಯಾವ ಫಾಂಟ್ ಅಂತ ಡೇಟಾಬೇಸ್‌ಗೆ ಗೊತ್ತಿರಲ್ಲ, ಹಾಗಾಗಿ ಅವನ್ನೂ ತಿರುಗಿಸಿ ಅರ್ಥವಿಲ್ಲದ ಕನ್ನಡ ಮಾಡಿಟ್ಟಿದ್ದೆ. ಇಂಗ್ಲಿಷ್ ಅಕ್ಷರಗಳ ಸಂಕೇತ ಸಂಖ್ಯೆಗಳು 127ರ ಒಳಗೇ ಮುಗಿಯುತ್ತವೆ, ನುಡಿ ಬರಹದಲ್ಲಿ ಅದಕ್ಕಿಂತ ದೊಡ್ಡವು ಧಾರಾಳ. ಅವು ಒಂದೂ ಇಲ್ಲದ ಸಾಲನ್ನು ಇಂಗ್ಲಿಷ್ ಅಂತ ಹಾಗೇ ಬಿಟ್ಟೆ. ಎರಡೂ ಬೆರೆತ ಸಾಲುಗಳನ್ನು ಕೂತು ಕೈಯಲ್ಲೇ ತಿದ್ದಿದೆ, ಬೇರೆ ದಾರಿ ಇರಲಿಲ್ಲ.

ಹುಟ್ಟಿದ ದಿನದ ಕಾಲಂನಲ್ಲಿ '0000-00-00' ಇತ್ತು. ಮೈಎಸ್‌ಕ್ಯೂಎಲ್ ಅದನ್ನು ಸಹಿಸಿಕೊಂಡಿತ್ತು, ಪೋಸ್ಟ್‌ಗ್ರೆಸ್ ತುಂಬುವಾಗಲೇ ಖಡಾಖಂಡಿತ ಬೇಡ ಅಂದಿತ್ತು. "ಸುಮ್ನೆ 1900 ಹಾಕಿಬಿಡಿ" ಅಂತ ಸಲಹೆ ಬಂತು. ಒಪ್ಪಲಿಲ್ಲ, ನಲ್ ಮಾಡಿದೆ, ಅಂದರೆ ಖಾಲಿ ಬಿಟ್ಟೆ. ನೂರು ದಾಟಿದ ಅಜ್ಜಂದಿರ ಪಟ್ಟಿ ಯಾರಿಗೆ ಬೇಕು?

ಇಷ್ಟೆಲ್ಲ ಮುಗಿಸಿ ಉಸಿರು ಬಿಡುವಷ್ಟರಲ್ಲಿ ಮತ್ತೆ ಫೋನ್. ಹೊಸ ಸದಸ್ಯರನ್ನು ಸೇರಿಸಲು ಹೋದರೆ ಡೂಪ್ಲಿಕೇಟ್ ಕೀ ಎರರ್, ಅಂದರೆ ಈ ಐಡಿ ನಂಬರ್ ಆಗಲೇ ಇದೆ ಅನ್ನೋ ತಕರಾರು. ಹಳೇ ಐಡಿಗಳನ್ನು ಹಾಗೇ ತುಂಬಿದ್ದೆ, ಆದರೆ ಮುಂದಿನ ನಂಬರ್ ಕೊಡುವ ಸೀಕ್ವೆನ್ಸ್ ಇನ್ನೂ 1ರಲ್ಲೇ ಕೂತಿತ್ತು. ಸೆಟ್‌ವಾಲ್ ಅನ್ನೋ ಫಂಕ್ಷನ್ ಬರೆದು ಅದನ್ನು ಅತಿ ದೊಡ್ಡ ಐಡಿಗೆ ತಂದು ನಿಲ್ಲಿಸಿದೆ. ಒಂದೇ ಸಾಲಿನ ಕೆಲಸ. ಅಷ್ಟೊತ್ತಿಗೆ ಕೌಂಟರ್‌ನವರು ಮೂವರ ಅರ್ಜಿಯನ್ನು ಹಳೇ ಲೆಡ್ಜರ್‌ನಲ್ಲೇ ಬರೆದುಕೊಂಡಾಗಿತ್ತು.