ಹುಳು ಜ್ವರಕ್ಕೆ ಕೂತ ದಿನ ಪೋಷಕರ ಸಭೆ

ಕನಕಪುರ ಸೀಮೆಯ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ವರ್ಗವಾಗಿ ಬಂದ ವರ್ಷ ನಾನು ಕರೆದ ಮೊದಲ ಪೋಷಕರ ಸಭೆಗೆ ಬಂದವರು ನಾಲ್ಕೇ ಜನ. ಅದರಲ್ಲಿ ಒಬ್ಬರು ಬಿಸಿಯೂಟದ ಅಡುಗೆಯವರು, ಹೇಗಿದ್ದರೂ ಶಾಲೆಯಲ್ಲೇ ಇದ್ದವರು. ಇನ್ನೊಬ್ಬರು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು, ಬರದೆ ವಿಧಿಯಿಲ್ಲದವರು. ಶಾಲೆಯಲ್ಲಿದ್ದದ್ದು 31 ಮಕ್ಕಳು. ‘ಈ ಊರಿನ ಜನಕ್ಕೆ ಮಕ್ಕಳ ಓದು ಬೇಕಾಗಿಲ್ಲ’ ಎಂದು ಜೊತೆಯ ಶಿಕ್ಷಕರ ಹತ್ತಿರ ಗೊಣಗಿದ್ದೆ. ಆ ಮಾತು ಎಷ್ಟು ತಪ್ಪು ಎಂದು ಗೊತ್ತಾಗಲು ವರ್ಷದ ಮೇಲೇ ಹಿಡಿಯಿತು.

ಕಾಗದದ ಮೇಲೆ ನಮ್ಮ ಶಾಲೆಗಳಲ್ಲಿ ಪೋಷಕರಿಗೆ ಕೊರತೆಯಿಲ್ಲ. ಕರ್ನಾಟಕದಲ್ಲಿ 2001ರಿಂದಲೇ ಎಸ್‌ಡಿಎಂಸಿ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎನ್ನುತ್ತದೆ. ‘ಸಮುದಾಯದತ್ತ ಶಾಲೆ’ ಅಂತ ಕಾರ್ಯಕ್ರಮವೂ ಇದೆ. ಆದರೆ ಸಮಿತಿಯಲ್ಲಿ ಮಾತಾಡುವುದು ಕಾಂಪೌಂಡು, ಶೌಚಾಲಯ, ಸೋರುವ ಚಾವಣಿ. ಬೇಡವೆನ್ನುತ್ತಿಲ್ಲ, ನಮ್ಮ ಚಾವಣಿಯೂ ಸೋರುತ್ತಿತ್ತು. ತರಗತಿಯ ಒಳಗೆ ಏನು ನಡೆಯುತ್ತದೆ ಅನ್ನುವುದಕ್ಕೂ ಪೋಷಕರಿಗೂ ಸಂಬಂಧವೇ ಇರಲಿಲ್ಲ.

ನಾನು ಮಾಡಿದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ನಾಲ್ಕನೇ ತರಗತಿಯ ಒಬ್ಬ ಹುಡುಗ ವಾರಕ್ಕೆ ಮೂರು ದಿನ ಬರುತ್ತಿದ್ದ. ಅವನ ಅಪ್ಪನನ್ನು ಕರೆಸಿ, ಬೇರೆ ಮೂವರು ಪೋಷಕರ ಎದುರಿಗೇ ಹಾಜರಿ ಪುಸ್ತಕ ತೆಗೆದು ತೋರಿಸಿದೆ. ಆತ ಒಂದೂ ಮಾತಾಡದೆ ಹೊರಗೆ ಹೋಗಿ, ಗೇಟಿನ ಹತ್ತಿರ ಹುಡುಗನಿಗೆ ಎರಡು ಬಾರಿಸಿದ. ಹುಡುಗ ಆಮೇಲೆ ಒಂದು ವಾರ ಬರಲಿಲ್ಲ. ಶಾಲೆಯಿಂದ ಕರೆ ಬಂತು ಅಂದರೆ ಒಂದೋ ದೂರು, ಇಲ್ಲವೇ ಸಹಿ ಎಂದು ಊರಿಗೆ ಗೊತ್ತಿತ್ತು. ಆ ಎರಡಕ್ಕೆ ಒಂದು ಹೊತ್ತಿನ ಕೆಲಸ ಬಿಟ್ಟು ಯಾರು ಬರುತ್ತಾರೆ?

ಅವನನ್ನು ಹುಡುಕಿಕೊಂಡು ಮನೆಗೆ ಹೋದಾಗ, ರೇಷ್ಮೆ ಹುಳು ಸಾಕುವ ಹುಳು ಮನೆಯ ಬಾಗಿಲಲ್ಲಿ ಅವನ ಅಮ್ಮ ತಡೆದು ನಿಲ್ಲಿಸಿದರು. “ಒಳಕ್ಕೆ ಬರ್ಬೇಡಿ ಮೇಡಂ, ಹೊರಗಡೆಯವ್ರು ಬಂದ್ರೆ ಹುಳಕ್ಕೆ ರೋಗ ಬತ್ತದೆ.” ಒಳಗೆ ಮಳೆ ಸುರಿದ ಹಾಗೆ ಸದ್ದು. ಸಾವಿರಾರು ಹುಳು ಸೊಪ್ಪು ಕಡಿಯುವ ಸದ್ದದು. ನಾನು ಶಿವಮೊಗ್ಗ ಕಡೆಯವಳು, ಅಡಿಕೆ ಗೊತ್ತು, ರೇಷ್ಮೆ ಗೊತ್ತಿರಲಿಲ್ಲ. ಹೊರಗೇ ಜಗಲಿ ಮೇಲೆ ಕೂತು ಕೇಳಿದೆ, ಸಭೆಗೆ ಯಾಕೆ ಬರಲಿಲ್ಲ ಎಂದು. “ನಾಕನೇ ಜ್ವರ ಎದ್ದವೆ. ಈಗ ಸೊಪ್ಪು ಹಾಕೋರು ಯಾರು ಮೇಡಂ?”

ರೇಷ್ಮೆ ಹುಳು ನಾಲ್ಕು ಸಲ ಪೊರೆ ಕಳಚುತ್ತದೆ. ಅದಕ್ಕೆ ಇಲ್ಲಿನವರು ಜ್ವರ ಅನ್ನುತ್ತಾರೆ. ಕಳಚಲು ಕದಲದೆ ಕೂತರೆ ಜ್ವರಕ್ಕೆ ಕೂತವು, ಕಳಚಿ ಎದ್ದರೆ ಜ್ವರ ಎದ್ದವು. ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ದಿನದಲ್ಲೇ, ಹುಳು ತನ್ನ ಇಡೀ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನ ಶೇಕಡ 80ಕ್ಕೂ ಹೆಚ್ಚು ಭಾಗ ಮುಗಿಸಿಬಿಡುತ್ತದೆ. ಮನೆಮಂದಿಯೆಲ್ಲ ತೋಟಕ್ಕೂ ಹುಳು ಮನೆಗೂ ಓಡಾಡುವ ಕಾಲ. ಹುಡುಗ ಗೈರುಹಾಜರಾಗುತ್ತಿದ್ದದ್ದೂ ಆಗಲೇ. ನಾನು ಸಭೆ ಇಟ್ಟಿದ್ದು ಸರಿಯಾಗಿ ಅಂಥ ದಿನ ಬೆಳಗ್ಗೆ 11 ಗಂಟೆಗೆ!

ಆಮೇಲೆ ಹುಡುಗನ ಅಮ್ಮನೇ ಹೇಳಿದರು: “ಜ್ವರಕ್ಕೆ ಕೂತಾಗ ಬೇಕಾರೆ ಬತ್ತೀವಿ. ಆಗ ಅವು ಏನೂ ತಿನ್ನಾಕಿಲ್ಲ, ಸುಣ್ಣ ಉದುರಿಸಿ ಸುಮ್ನೆ ಬಿಟ್ಬುಡೋದು.”

ಒಂದು ದಿನ ಪೂರ್ತಿ ಬಿಡುವು. ಅವತ್ತಿನಿಂದ ನನ್ನ ಡೈರಿಯಲ್ಲಿ ಯಾವ ಮನೆಯ ಹುಳು ಯಾವ ಜ್ವರದಲ್ಲಿದೆ ಅನ್ನುವ ಲೆಕ್ಕ ಶುರುವಾಯಿತು. ಇದಕ್ಕೆ ಮಕ್ಕಳಿಗಿಂತ ಒಳ್ಳೆಯ ವರದಿಗಾರರು ಬೇಕಿಲ್ಲ. ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಒಂದೇ ದಿನ ಮರಿಹುಳು ತಂದ ಮನೆಗಳಿಗೆ ಜ್ವರವೂ ಒಂದೇ ದಿನ ಬರುತ್ತದೆ. ಹಾಗೆ ನಮ್ಮ ಊರು ಸುಮಾರಾಗಿ ಮೂರು ಗುಂಪಾಯಿತು, ಪೋಷಕರ ಸಭೆಯೂ ಮೂರಾಯಿತು. ಹುಳು ಸಾಕದ, ಕೂಲಿಗೆ ಹೋಗುವ ಮನೆಯವರಿಗೆ ಸಂಜೆ ದೇವಸ್ಥಾನದ ಜಗಲಿಯಲ್ಲಿ ನಾಲ್ಕನೆಯದು. ಕೆಲಸ ಹೆಚ್ಚಾಯಿತು ನಿಜ. ಆದರೆ ಎಂಟು ಹತ್ತು ಜನ ಕೂತಾಗ ಹೆಂಗಸರು ಬಾಯಿ ಬಿಟ್ಟು ಮಾತಾಡಿದರು. ಮೂವತ್ತು ಜನರ ಸಭೆಯಲ್ಲಿ ಮಾತಾಡುವವರು ಅಧ್ಯಕ್ಷರು ಮತ್ತು ನಾನು, ಅಷ್ಟೇ.

ಸಭೆಯಲ್ಲಿ ದೂರು ಹೇಳುವುದನ್ನು ನಿಲ್ಲಿಸಿದೆ. ದೂರಿದ್ದರೆ ಆಮೇಲೆ, ಒಬ್ಬರೇ ಇದ್ದಾಗ. ಸಭೆ ಎಂದರೆ ಅವರನ್ನು ನಲಿ-ಕಲಿ ಕೋಣೆಯೊಳಗೆ ಕೂರಿಸುವುದು. ಚಿಕ್ಕ ತರಗತಿಗಳ ಮಕ್ಕಳನ್ನು ಒಟ್ಟಿಗೆ ಕೂರಿಸಿ ಚಟುವಟಿಕೆಯ ಮೂಲಕ ಕಲಿಸುವ ಪದ್ಧತಿಯೇ ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿಯ ಒಂದು ಉಪಕಾರವನ್ನು ನಾವು ಶಿಕ್ಷಕರೇ ಸರಿಯಾಗಿ ಬಳಸಿಕೊಂಡಿಲ್ಲ ಅನಿಸುತ್ತದೆ: ಓದು ಬರದವರೂ ಅದನ್ನು ‘ಓದ’ಬಹುದು. ಕಲಿಕಾ ಏಣಿಯ ತುಂಬ ಚಿತ್ರದ ಗುರುತುಗಳು. ಮಗು ಯಾವ ಗುರುತಿನವರೆಗೆ ಹತ್ತಿದೆ ಎಂದು ಅಮ್ಮನಿಗೆ ಮಗುವೇ ಬೆರಳಿಟ್ಟು ತೋರಿಸುತ್ತದೆ. ತಲೆ ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಮಗು ಬರೆದದ್ದು, ಬಿಡಿಸಿದ್ದು ನೇತಾಡುತ್ತಿರುತ್ತದೆ. ಒಬ್ಬ ಅಜ್ಜಿ ಮೊಮ್ಮಗನ ದಾರವನ್ನು ಎಳೆದು ನೋಡಿ, “ಪಕ್ಕದ ಹುಡ್ಗಂದು ಜಾಸ್ತಿ ಐತಲ್ಲ, ನಮ್ದು ಯಾಕೆ ಎರಡೇ?” ಅಂತ ನನ್ನನ್ನೇ ಪ್ರಶ್ನೆ ಮಾಡಿದರು. ಕಡತದಲ್ಲಿ ಬರೆಯುವ ‘ಸಮುದಾಯದ ಸಹಭಾಗಿತ್ವ’ ಅದೇ ಇರಬೇಕು, ನನಗೆ ಉತ್ತರ ಹೊಳೆಯಲಿಲ್ಲ.

ತಟ್ಟೆಯ ವಿಷಯಕ್ಕೆ ಎಲ್ಲರೂ ನಕ್ಕರು. ನಲಿ-ಕಲಿಯಲ್ಲಿ ಮಕ್ಕಳು ಕೂರುವ ಗುಂಪಿಗೆ ತಟ್ಟೆ ಎನ್ನುತ್ತೇವೆ. ಶಿಕ್ಷಕರ ನೆರವು ಪೂರ್ತಿ ಬೇಕಾದವರು ಒಂದರಲ್ಲಿ, ತಾವೇ ಕಲಿಯುವವರು ಇನ್ನೊಂದರಲ್ಲಿ. ನಾನು ವಿವರಿಸುತ್ತಿದ್ದಂತೆ ಒಬ್ಬ ತಾಯಿ, “ಹಂಗಾರೆ ನೀವೂ ಚಾಕಿ ಹುಳನ ಬೇರೆ, ದೊಡ್ಡ ಹುಳನ ಬೇರೆ ಮಡಗ್ತೀರಾ ಅನ್ನಿ” ಅಂದರು. ಬಹುವರ್ಗ ಬೋಧನೆಯನ್ನು ಇಷ್ಟು ಚೆನ್ನಾಗಿ ನನಗೆ ತರಬೇತಿಯಲ್ಲೂ ಯಾರೂ ಹೇಳಿರಲಿಲ್ಲ. ‘ಹಾಗಾದರೆ ನೀವೇ ಒಂದು ಪಾಠ ಮಾಡಿ’ ಎಂದು ನಾನು ಅವರನ್ನು ಹಿಡಿದುಕೊಂಡಿದ್ದು ಅಲ್ಲೇ. “ನಾನೇನು ಓದಿರೋಳಾ?” ಅಂದರು. ಎರಡು ವಾರ ಸತಾಯಿಸಿದ ಮೇಲೆ ಒಪ್ಪಿದರು.

ಅವರು ಬಂದ ದಿನ ಮೊರದಲ್ಲಿ ಇಪ್ಪತ್ತು ಹುಳು, ಮೇಲೆ ಒದ್ದೆ ಬಟ್ಟೆ. ಮಕ್ಕಳು ಸುತ್ತ ಕೂತರು. ಮನೆಯಲ್ಲಿ ದಿನಾ ನೋಡುವ ಹುಳುವೇ, ಆದರೂ ಶಾಲೆಯಲ್ಲಿ ನೋಡುವಾಗ ಅದು ಬೇರೆಯೇ. ಹುಳು ಮುಂಭಾಗ ಎತ್ತಿಕೊಂಡು ಕದಲದೆ ಕೂತಿದ್ದವು. “ತಲೆ ಎತ್ಕೊಂಡು ಕುಂತವೆ ನೋಡ್ರಪ್ಪ, ಜ್ವರ ಬಂದದೆ.” ಒಂದನೇ ತರಗತಿಯ ಪೋರನೊಬ್ಬ, “ಮಾತ್ರೆ ಕೊಟ್ರಾ?” ಎಂದ. ಆಯಮ್ಮ ನಗದೆ, ಗಂಭೀರವಾಗಿ, “ಇಲ್ಲ ಮಗ, ಅಂಗಿ ಚಿಕ್ಕದಾಗೈತೆ. ಕಳಚಾಕಿ ಹೊಸದು ಹಾಕ್ಕತವೆ” ಎಂದರು. ಮಾರನೇ ದಿನ ಆ ಅಂಗಿಗಳು ಮೊರದಲ್ಲಿ ಬಿದ್ದಿದ್ದವು. ಮಕ್ಕಳು ಅವನ್ನು ಬಿಳಿ ಕಾಗದಕ್ಕೆ ಅಂಟಿಸಿ ಚಪ್ಪರಕ್ಕೆ ನೇತುಹಾಕಿದರು. ಆಮೇಲೆ ದಿನಾ ಸ್ಕೇಲು ಹಿಡಿದು ಅಳೆದರು: ಮೊದಲು ನಾಲ್ಕು ಸೆಂಟಿಮೀಟರಿನ ಆಸುಪಾಸು, ಹಣ್ಣಾಗುವ, ಅಂದರೆ ಗೂಡು ಕಟ್ಟಲು ಸಿದ್ಧವಾಗುವ ಮುಂಚೆ ಏಳು. ದೊಡ್ಡ ಮಕ್ಕಳು ಅದಕ್ಕೆ ಕಂಬ ನಕ್ಷೆ ಬರೆದರು. ಹಣ್ಣಾದ ಹುಳುಗಳನ್ನು ಆ ತಾಯಿಯ ಮಗಳೇ ಆರಿಸಿ ಮನೆಗೆ ಒಯ್ದು, ಗೂಡು ಕಟ್ಟಲು ಚಂದ್ರಂಕಿಗೆ ಬಿಟ್ಟಳು.

ನನ್ನ ಮರ್ಯಾದೆ ಹೋದದ್ದೂ ಅದೇ ಪಾಠದಲ್ಲಿ. “ನಾವು ಈ ಸಲ ನೂರು ಮೊಟ್ಟೆ ಮೇಯಿಸ್ತಾ ಇದೀವಿ” ಎಂದರು ಆ ತಾಯಿ. ನಾನು ಬೋರ್ಡಿನ ಮೇಲೆ ‘100 ಹುಳು’ ಎಂದು ಬರೆದೆ. ಇಡೀ ತರಗತಿ ಗೊಳ್ಳೆಂದಿತು. ಇಲ್ಲಿ ‘ಒಂದು ಮೊಟ್ಟೆ’ ಎಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ, ನಾನೂರರಿಂದ ಐನೂರು. ನೂರು ಮೊಟ್ಟೆ ಎಂದರೆ ನಲವತ್ತು ಐವತ್ತು ಸಾವಿರ ಹುಳು. ಐದನೇ ತರಗತಿಯವರು 450ನ್ನು 100ರಿಂದ ಗುಣಿಸಿ ನನ್ನನ್ನು ತಿದ್ದಿದರು. ಆ ತಾಯಿ ಊರೆಲ್ಲ ಹೇಳಿಕೊಂಡು ಬಂದರಂತೆ, ಮೇಡಂಗೂ ಗೊತ್ತಿಲ್ಲದ್ದು ಐತೆ ಎಂದು. ಮುಂದಿನ ತಿಂಗಳು ಪಾಠ ಮಾಡಲು ಇನ್ನಿಬ್ಬರು ಒಪ್ಪಿಕೊಂಡರು. ಅದಕ್ಕೆ ನನ್ನ ಪೆದ್ದುತನವೇ ಕಾರಣ ಎಂದು ನನ್ನ ನಂಬಿಕೆ.

ಎಲ್ಲವೂ ಹೀಗೆ ಚೆನ್ನಾಗಿ ನಡೆಯಿತು ಅಂತಲ್ಲ. ಲೆಕ್ಕಕ್ಕೆ ಇರಲಿ ಎಂದು ಗೂಡು ಮಾರ್ಕೆಟ್ಟಿನ ಚೀಟಿ ತರಲು ಹೇಳಿದೆ. ತೂಕ ಇಷ್ಟು, ಕೆಜಿಗೆ ಇಷ್ಟು, ಒಟ್ಟು ಎಷ್ಟು? ಹುಡುಗನೊಬ್ಬ ಅಪ್ಪನ ಚೀಟಿಯನ್ನು ಜೋರಾಗಿ ಓದಿದ. ಸಂಜೆಯೊಳಗೆ ಅವರ ಮನೆಗೆ ಎಷ್ಟು ದುಡ್ಡು ಬಂತು ಎಂದು ಊರಿಗೆಲ್ಲ ಗೊತ್ತಾಯಿತು, ಸಾಲ ಕೊಟ್ಟವರಿಗೂ ಗೊತ್ತಾಯಿತು. ಮರುದಿನ ಅವರು ಬಂದು ಕೂಗಾಡಿದ್ದರಲ್ಲಿ ತಪ್ಪಿರಲಿಲ್ಲ. ಈಗ ಚೀಟಿಯನ್ನು ನಾನೇ ಬರೆಯುತ್ತೇನೆ, ಸುಳ್ಳು ಅಂಕಿ ಹಾಕಿ. ವಾಟ್ಸ್ಆ್ಯಪ್ ಗುಂಪೂ ಮಾಡಿದ್ದೆ. ಫೋನಿದ್ದದ್ದು ಅಪ್ಪಂದಿರ ಕೈಲಿ, ಮಕ್ಕಳ ಓದಿನ ಹತ್ತಿರ ಇದ್ದದ್ದು ಅಮ್ಮಂದಿರು. ಗುಂಪಿನ ತುಂಬ ಶುಭೋದಯ, ಚುನಾವಣೆ ಬಂದಾಗ ಜಗಳ. ಮುಚ್ಚಿದೆ.

ಉಳಿದುಕೊಂಡಿರುವುದು ಕೇಳುವ ಪುಸ್ತಕ. ‘ಮನೆಯಲ್ಲಿ ಓದಿಸಿ’ ಎಂದು ಬರೆದು ಕಳಿಸುತ್ತಿದ್ದೆನಲ್ಲ, ಅದು ಓದು ಬರದ ತಾಯಿಗೆ ಎಷ್ಟು ನೋವು ಕೊಡುತ್ತದೆ ಎಂದು ಹೊಳೆದೇ ಇರಲಿಲ್ಲ. ಈಗ ಅವರು ಮಾಡಬೇಕಾದ್ದು ಇಷ್ಟೇ: ರಾತ್ರಿ ಮಗು ಒಂದು ಪುಟ ಓದುತ್ತದೆ, ಮನೆಯಲ್ಲಿ ಯಾರಾದರೂ ಕೇಳಬೇಕು, ಕೇಳಿ ಒಂದು ಪ್ರಶ್ನೆ ಹಾಕಬೇಕು. ಆಮೇಲೆ ಪುಸ್ತಕದಲ್ಲಿ ಒಂದು ಗುರುತು. ಸಹಿ ಬೇಡ, ಹೆಬ್ಬೆಟ್ಟೂ ಬೇಡ. ಒಬ್ಬರು ಎಲೆ ಬಿಡಿಸುತ್ತಾರೆ, ಒಬ್ಬರು ಚುಕ್ಕಿ ಇಡುತ್ತಾರೆ. ಒಂದು ದಿನ ಎಲೆಯ ಬದಲು ದೊಡ್ಡ ಅಡ್ಡಗೆರೆ ಬಂತು. ವಿಚಾರಿಸಿದರೆ, “ಅವ್ಳು ಓದಲಿಲ್ಲ ಮೇಡಂ, ಬಾಯಿಪಾಠ ಒಪ್ಪಿಸಿದ್ಲು. ಬೆರಳು ಒಂದೇ ಕಡೆ ಇತ್ತು” ಎಂದರು ಆ ತಾಯಿ. ನಾನು ಅದೇ ಮಗುವನ್ನು ಮೂರು ವಾರದಿಂದ ‘ಸರಾಗವಾಗಿ ಓದುತ್ತಾಳೆ’ ಎಂದು ಬರೆದುಕೊಂಡಿದ್ದೆ. ಮಗುವನ್ನು ಎರಡು ಮೆಟ್ಟಿಲು ಕೆಳಗಿಳಿಸಿ ಕಾಗುಣಿತದಿಂದ ಮತ್ತೆ ಹಿಡಿದೆ.

ಅಪ್ಪಂದಿರು ಇನ್ನೂ ಸಿಕ್ಕಿಲ್ಲ. ಚಾವಣಿಗೆ ಹೆಂಚು ಹೊದಿಸುವಾಗ ಬಂದರು, ಗಣರಾಜ್ಯೋತ್ಸವಕ್ಕೆ ಮೈಕು ಕಟ್ಟಲು ಬಂದರು, ತರಗತಿಯೊಳಗೆ ಕೂರಲು ಮಾತ್ರ ನಾಚಿಕೆ. ಆ ನಾಲ್ಕನೇ ತರಗತಿ ಹುಡುಗನ ಅಪ್ಪ ಒಂದು ಸಲ ಕಿಟಕಿಯ ಹೊರಗೆ ನಿಂತು ಅರ್ಧ ಗಂಟೆ ನೋಡಿ ಹೋದರು. ನಾನು ಕರೆಯಲಿಲ್ಲ.

ಈ ತಿಂಗಳು ಸುತ್ತೋಲೆಯ ಪ್ರಕಾರ ಸಭೆ ಶನಿವಾರ ಇಡಬೇಕು. ಕೆಳಗಿನ ಬೀದಿಯವರ ಹುಳು ಜ್ವರಕ್ಕೆ ಕೂರುವುದು ಗುರುವಾರ. ಶನಿವಾರದ್ದಕ್ಕೆ ಫೋಟೊ ತೆಗೆದು ಕಳಿಸುತ್ತೇನೆ. ಗುರುವಾರ ರೇಷ್ಮೆ ಹುಳುವನ್ನು ಕೊಲ್ಲುವ ಊಜಿ ನೊಣದ ಪಾಠ ಇದೆ, ಮೊಮ್ಮಗನ ದಾರ ಎಳೆದು ನೋಡಿದ ಆ ಅಜ್ಜಿ ಮಾಡುತ್ತಾರಂತೆ.