ಮರ್ಜ್ ಕಾನ್‌ಫ್ಲಿಕ್ಟ್ ಬಂದಾಗ ಮೊದಲು ಬಟನ್‌ನಿಂದ ಕೈ ತೆಗೆಯಿರಿ

ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನಲ್ಲಿ ಕಮಿಟ್ (ದಾಖಲಿಸುವುದು), ಪುಶ್ (ಕಳಿಸುವುದು), ಪುಲ್ (ತರುವುದು) ಇಷ್ಟನ್ನು ಹೊಸಬರು ಬೇಗ ಕಲಿಯುತ್ತಾರೆ. ಎಡವುವುದು ಮರ್ಜ್ ಕಾನ್‌ಫ್ಲಿಕ್ಟ್ ಬಂದಾಗ, ಅಂದರೆ ಇಬ್ಬರ ಕೋಡನ್ನು ಒಂದುಗೂಡಿಸುವಾಗ (ಮರ್ಜ್) ಒಂದೇ ಸಾಲನ್ನು ಇಬ್ಬರೂ ಬೇರೆ ಬೇರೆಯಾಗಿ ಬದಲಿಸಿದ್ದು, ಯಾವುದು ಇರಬೇಕೆಂದು ಗಿಟ್‌ಗೆ ತಿಳಿಯದಾದಾಗ. ಗಾಬರಿಯಲ್ಲಿ ಸಿಕ್ಕಿದ ಬಟನ್ ಒತ್ತಿ, ಪಕ್ಕದವರು ಕಷ್ಟಪಟ್ಟು ಬರೆದ ಕೋಡನ್ನು ಅಳಿಸಿಬಿಡುವವರನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಮೇನ್‌ನಿಂದ (ಎಲ್ಲರ ಕೋಡ್ ಸೇರುವ ಮುಖ್ಯ ಬ್ರಾಂಚ್) ಹೊಸ ಬ್ರಾಂಚ್ (ಕೋಡಿನ ಪ್ರತ್ಯೇಕ ಕವಲು) ತೆಗೆದು ಕೆಲಸ ಮಾಡಿ. ಬ್ರಾಂಚ್ ವಾರಗಟ್ಟಲೆ ಉಳಿಯಬಾರದು. ಹಳೆಯದಾದಷ್ಟೂ ಕಾನ್‌ಫ್ಲಿಕ್ಟ್ ಹೆಚ್ಚು.

ಹಂತ 2: ಮರ್ಜ್‌ಗೆ ಮುಂಚೆ ಎಲ್ಲವನ್ನೂ ಕಮಿಟ್ ಮಾಡಿ. ಆಗ ಮಧ್ಯದಲ್ಲಿ ಗೊಂದಲವಾದರೂ ‘ಅಬಾರ್ಟ್’ ಕೊಟ್ಟು ಮೊದಲಿದ್ದಲ್ಲಿಗೆ ಹಿಂತಿರುಗಬಹುದು. ಕಮಿಟ್ ಆಗದ ಬದಲಾವಣೆಗಳಿಗೆ ಈ ಭರವಸೆ ಇಲ್ಲ.

ಹಂತ 3: ಮೇನ್ ಅನ್ನು ನಿಮ್ಮ ಬ್ರಾಂಚ್‌ಗೆ ಮರ್ಜ್ ಮಾಡಿ. ಇಲ್ಲಿ ನಿಧಾನಿಸಿ.

ತುಪ್ಪದ ಬಿಲ್ಲಿಂಗ್ ಪ್ರೋಗ್ರಾಂ ಒಂದನ್ನು ತೆಗೆದುಕೊಳ್ಳೋಣ. ಮೂಲ ಸಾಲು: ಒಟ್ಟು = ಬೆಲೆ × 1.12. ಮೊತ್ತ ಪೂರ್ತಿ ರೂಪಾಯಿಗೆ ಬರಲಿ ಎಂದು ನೀವು ಅದಕ್ಕೆ ರೌಂಡ್ ಹಾಕಿದ್ದೀರಿ. 2025ರ ಸೆಪ್ಟೆಂಬರ್ 22ರಿಂದ ತುಪ್ಪದ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದದ್ದಕ್ಕೆ ನಿಮ್ಮ ಸಹೋದ್ಯೋಗಿ ಅದೇ ಸಾಲನ್ನು 1.05 ಮಾಡಿದ್ದಾರೆ. ಫೈಲ್ ತೆರೆದರೆ ಏಳು ಸಮ ಚಿಹ್ನೆಗಳ ಗೆರೆಯ ಮೇಲೆ ನಿಮ್ಮ ಸಾಲು, ಕೆಳಗೆ ಅವರದು.

ಎಡಿಟರ್‌ನ ಬಟನ್ ಒತ್ತಿ ‘ನನ್ನದು ಇರಲಿ’ ಎಂದರೆ ಗ್ರಾಹಕನಿಗೆ ಹಳೆಯ ತೆರಿಗೆ ಬೀಳುತ್ತದೆ. ‘ಅವರದು ಇರಲಿ’ ಎಂದರೆ ರೌಂಡ್ ಹೋಯಿತು. ‘ಎರಡೂ ಇರಲಿ’ ಎಂಬ ಬಟನ್ ಇನ್ನೂ ಅಪಾಯ: ಎರಡು ಸಾಲೂ ಉಳಿದು, ಕೆಳಗಿನದು ಮೇಲಿನದನ್ನು ಅಳಿಸಿ ಬರೆಯುತ್ತದೆ, ಎರರ್ ಕೂಡ ಬರುವುದಿಲ್ಲ. ಸರಿಯಾದ ಸಾಲು ಎರಡೂ ಕಡೆ ಇಲ್ಲ, ಅದನ್ನು ನೀವೇ ಬರೆಯಬೇಕು: ರೌಂಡ್ (ಬೆಲೆ × 1.05). 617 ರೂಪಾಯಿಗೆ 648 ಬರಬೇಕು.

ಇದಕ್ಕಾಗಿ ಗಿಟ್ ಕಾನ್‌ಫಿಗ್‌ನಲ್ಲಿ ಕಾನ್‌ಫ್ಲಿಕ್ಟ್ ಸ್ಟೈಲ್ ಅನ್ನು ‘ಡಿಫ್3’ ಮಾಡಿಕೊಳ್ಳಿ, ಇವತ್ತೇ. ಆಗ ನಡುವೆ ಮೂಲ ಸಾಲೂ ಕಾಣುತ್ತದೆ, ಯಾರು ಏನನ್ನು ಬದಲಿಸಿದರು ಎನ್ನುವುದು ಸ್ಪಷ್ಟವಾಗುತ್ತದೆ. ಅಷ್ಟಾದರೂ ಅರ್ಥವಾಗದಿದ್ದರೆ ಬರೆದವರನ್ನೇ ಕೇಳಿ. ಎರಡು ನಿಮಿಷದ ಮಾತು ಎರಡು ಗಂಟೆ ಉಳಿಸುತ್ತದೆ. ಮರ್ಜ್ ಬದಲು ರೀಬೇಸ್ (ನಿಮ್ಮ ಕಮಿಟ್‌ಗಳನ್ನು ಮೇನ್‌ನ ತುದಿಗೆ ಮತ್ತೆ ಜೋಡಿಸುವುದು) ಮಾಡುವವರು ಗಮನಿಸಿ: ಅಲ್ಲಿ ‘ಅವರ್ಸ್’ (ನಮ್ಮದು), ‘ದೇರ್ಸ್’ (ಅವರದು) ಅದಲುಬದಲಾಗಿರುತ್ತವೆ. ಹೊಸಬರಿಗೆ ಮರ್ಜ್ ಸಾಕು.

ಮುಗಿದ ಮೇಲೆ ‘ಗಿಟ್ ಡಿಫ್’ಗೆ ‘ಚೆಕ್’ ಆಯ್ಕೆ ಕೊಟ್ಟರೆ, ಮರೆತು ಉಳಿದ ಕಾನ್‌ಫ್ಲಿಕ್ಟ್ ಗುರುತುಗಳನ್ನು ತೋರಿಸುತ್ತದೆ.

ಹಂತ 4: ಕಮಿಟ್ ಮಾಡಿ ಪುಶ್ ಮಾಡಿ, ಸಿಐ (ಕೋಡನ್ನು ತಾನಾಗಿಯೇ ಪರೀಕ್ಷಿಸುವ ವ್ಯವಸ್ಥೆ) ಓಡಲಿ. ಗಿಟ್‌ಹಬ್‌ನ ಸಿಐ ಆದ ಆಕ್ಷನ್ಸ್‌ಗೆ ಸೂಚನೆ ಬರೆಯುವ ಯಾಮಲ್ ಫೈಲ್‌ನಲ್ಲಿ ಇಂಡೆಂಟ್‌ಗೆ ಟ್ಯಾಬ್ ಬಳಸಬೇಡಿ, ಸ್ಪೇಸ್ ಮಾತ್ರ. ಹಸಿರು ಟಿಕ್ಕೂ ಇಲ್ಲ, ಕೆಂಪೂ ಇಲ್ಲ, ಸಿಐ ಕೆಟ್ಟಿದೆ ಎಂದು ದೂರುವವರು ಬಹಳ. ಪುಲ್ ರಿಕ್ವೆಸ್ಟ್‌ನಲ್ಲಿ (ನಿಮ್ಮ ಬ್ರಾಂಚನ್ನು ಮೇನ್‌ಗೆ ಸೇರಿಸಿ ಎಂಬ ಕೋರಿಕೆ) ಕಾನ್‌ಫ್ಲಿಕ್ಟ್ ಇದ್ದರೆ ಅದಕ್ಕೆ ಕಟ್ಟಿದ ಸಿಐ ವರ್ಕ್‌ಫ್ಲೋ ಓಡುವುದೇ ಇಲ್ಲ, ಮೊದಲು ಅದನ್ನು ನೋಡಿ.

617ಕ್ಕೆ 648 ಬರಬೇಕೆಂಬ ಲೆಕ್ಕವನ್ನು ಟೆಸ್ಟ್ ಆಗಿ ಬರೆದಿಡಿ. ಮುಂದೆ ಯಾರಾದರೂ ತಪ್ಪು ಬಟನ್ ಒತ್ತಿದರೆ ಸಿಐ ತಡೆಯುತ್ತದೆ. ಗಿಟ್ ನೋಡುವುದು ಸಾಲುಗಳನ್ನು, ಅರ್ಥವನ್ನಲ್ಲ. ನೀವು ಒಂದು ಫಂಕ್ಷನ್‌ನ ಹೆಸರು ಬದಲಿಸಿ, ಇನ್ನೊಬ್ಬರು ಬೇರೆ ಫೈಲ್‌ನಲ್ಲಿ ಹಳೆಯ ಹೆಸರಿನಿಂದಲೇ ಕರೆದಿದ್ದರೆ ಕಾನ್‌ಫ್ಲಿಕ್ಟ್ ಇಲ್ಲದೆ ಮರ್ಜ್ ಆಗುತ್ತದೆ, ಪ್ರೋಗ್ರಾಂ ಮಾತ್ರ ನಿಲ್ಲುತ್ತದೆ. ಅದನ್ನು ಹಿಡಿಯಲು ಟೆಸ್ಟೇ ಬೇಕು.

ಸಿಐ ಕೆಂಪಾದರೆ ರೀರನ್ ಒತ್ತುವ ಮುಂಚೆ ಲಾಗ್ ಓದಿ. ಫೇಲ್ ಆದ ಟೆಸ್ಟನ್ನು ಕಾಮೆಂಟ್ ಮಾಡಿ (ಓಡದಂತೆ ಮಾಡಿ) ದಾಟಿಸುವ ಅಡ್ಡದಾರಿ ಖಂಡಿತ ಬೇಡ. ಟೀಮ್ ಲೀಡ್ ಆಗಿದ್ದರೆ ಬ್ರಾಂಚ್ ಪ್ರೊಟೆಕ್ಷನ್ ಹಾಕಿ, ಹಸಿರಾಗದ ಯಾವುದೂ ಮೇನ್‌ಗೆ ಹೋಗದಂತೆ ಮಾಡಿ.

ಹಸಿರಾದ ಮೇಲೆ ಮರ್ಜ್ ಒತ್ತಿ, ಬ್ರಾಂಚ್ ಅಳಿಸಿ.