ಯುಕೆ ಮನೆ ಕರೆಂಟು-ಗ್ಯಾಸ್: ಫಿಕ್ಸ್ ಮಾಡ್ಕೋಬೇಕಾ, ವೇರಿಯಬಲ್‌ನಲ್ಲೇ ಇರ್ಬೇಕಾ?

ಯುಕೆಗೆ ಬಂದು ಬಾಡಿಗೆ ಮನೆ ಹಿಡಿದ ಹೊಸದ್ರಲ್ಲಿ ನಮ್ಮವರು ಕೇಳೋ ಪ್ರಶ್ನೆಗಳಲ್ಲಿ ಇದೊಂದು ಇದ್ದೇ ಇರುತ್ತೆ. ಬೆಂಗಳೂರಲ್ಲಿ ಈ ತಲೆನೋವೇ ಇಲ್ಲ, ಬೆಸ್ಕಾಂ ಒಂದೇ, ಕೆಇಆರ್‌ಸಿ ಹೇಳಿದ್ದೇ ರೇಟು, ಬಿಲ್ ಬಂತು ಕಟ್ಟಿದ್ವಿ ಅಷ್ಟೇ. ಇಲ್ಲಿ ಮನೆ ಕೀ ಕೈಗೆ ಬಂದ ದಿನದಿಂದ್ಲೇ ಆ ಮನೆಗೆ ಮೊದಲಿಂದ ಇದ್ದ ಕಂಪನಿಗೆ ನೀವು ಗಿರಾಕಿ ಆಗಿಬಿಟ್ಟಿರ್ತೀರ, ಎಲ್ಲೂ ಸೈನ್ ಹಾಕದೇ ಇದ್ರೂ. ಸುಮ್ಮನೆ ಕೂತ್ರೆ ಸ್ಟ್ಯಾಂಡರ್ಡ್ ವೇರಿಯಬಲ್ ಅನ್ನೋ, ಆಗಾಗ ರೇಟ್ ಬದಲಾಗೋ ಟ್ಯಾರಿಫ್‌ನಲ್ಲೇ ಇರ್ತೀರ. ಅದೇನೂ ದೊಡ್ಡ ಅನಾಹುತ ಅಲ್ಲ, ಆದ್ರೆ ಒಂದು ಸಲ ಲೆಕ್ಕ ಹಾಕದೇ ಅಲ್ಲೇ ಇರೋದು ಸರಿಯಲ್ಲ.

ಮೊದಲು ಈ ಪ್ರೈಸ್ ಕ್ಯಾಪ್ ವಿಷಯ, ಯಾಕಂದ್ರೆ ಅರ್ಧ ಗೊಂದಲ ಇಲ್ಲೇ ಇರೋದು. ಆಫ್‌ಜೆಮ್ ಅನ್ನೋ ನಿಯಂತ್ರಣ ಸಂಸ್ಥೆ 2019ರ ಜನವರಿಯಿಂದ ಇದನ್ನ ತಂತು, ವೇರಿಯಬಲ್ ಟ್ಯಾರಿಫ್‌ಗೆ ಕಂಪನಿ ಇದಕ್ಕಿಂತ ಜಾಸ್ತಿ ರೇಟ್ ಹಾಕೋ ಹಾಗಿಲ್ಲ ಅನ್ನೋ ಮಿತಿ ಇದು. ವರ್ಷಕ್ಕೆ ನಾಲ್ಕು ಸಲ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕು ಹೊಸ ರೇಟ್ ಜಾರಿಗೆ ಬರುತ್ತೆ. ಪೇಪರ್‌ನಲ್ಲಿ 2025ರ ಅಕ್ಟೋಬರ್-ಡಿಸೆಂಬರ್‌ನಲ್ಲಿ ಇದ್ದ ಹಾಗೆ "ಕ್ಯಾಪ್ 1,755 ಪೌಂಡ್" ಅಂತ ಬಂದ ತಕ್ಷಣ ನಮ್ಮ ಬಿಲ್ ಅದಕ್ಕಿಂತ ಜಾಸ್ತಿ ಬರೋದೇ ಇಲ್ಲ ಅಂದ್ಕೋಬೇಡಿ. ವರ್ಷಕ್ಕೆ 2,700 ಯೂನಿಟ್ ಕರೆಂಟು, 11,500 ಯೂನಿಟ್ ಗ್ಯಾಸ್ ಉಪಯೋಗಿಸೋ ಮನೆಗೆ ಆಗ ಬೀಳ್ತಿದ್ದ ಖರ್ಚು ಅದು (ಇಲ್ಲಿ ಗ್ಯಾಸಿಗೂ ಯೂನಿಟ್ ಅಂದ್ರೆ ಕಿಲೋವ್ಯಾಟ್ ಅವರ್ ಲೆಕ್ಕವೇ). ಕ್ಯಾಪ್ ಇರೋದು ಯೂನಿಟ್ ರೇಟ್ ಮೇಲೆ, ಬಳಸಿದ್ರೂ ಬಿಟ್ರೂ ದಿನಕ್ಕಿಷ್ಟು ಅಂತ ಬೀಳೋ ಸ್ಟ್ಯಾಂಡಿಂಗ್ ಚಾರ್ಜ್ ಮೇಲೆ, ನಿಮ್ಮ ಬಿಲ್ ಮೇಲೆ ಅಲ್ಲ. ಹೀಟರ್ ಇಡೀ ದಿನ 24 ಡಿಗ್ರಿಗೆ ಇಟ್ಕೊಂಡು ಕೂತ್ರೆ ಯಾವ ಕ್ಯಾಪೂ ಕಾಪಾಡಲ್ಲ.

ಫಿಕ್ಸ್‌ದೂ ಇದೇ ಕಥೆ. ಒಂದು ವರ್ಷಕ್ಕೋ ಎರಡು ವರ್ಷಕ್ಕೋ ಯೂನಿಟ್ ರೇಟು, ಸ್ಟ್ಯಾಂಡಿಂಗ್ ಚಾರ್ಜು ಎರಡೂ ಬದಲಾಗಲ್ಲ, ಬಿಲ್ ಮಾತ್ರ ಉಪಯೋಗಿಸಿದಷ್ಟು ಬರುತ್ತೆ. "ನಂದು ತಿಂಗಳಿಗೆ 90 ಪೌಂಡ್ ಫಿಕ್ಸ್" ಅಂತ ಯಾರಾದ್ರೂ ಹೇಳಿದ್ರೆ ಅವರು ಹೇಳ್ತಿರೋದು ಡೈರೆಕ್ಟ್ ಡೆಬಿಟ್ ಬಗ್ಗೆ. ಅದು ಕಂಪನಿ ಅಂದಾಜು ಮಾಡಿ ತಿಂಗಳಿಗಿಷ್ಟು ಅಂತ ಕಿತ್ಕೊಳ್ಳೋದು, ಬೇಸಿಗೆಯಲ್ಲಿ ಅಕೌಂಟಲ್ಲಿ ಒಂದಿಷ್ಟು ಸೇರುತ್ತೆ ಚಳಿಗಾಲದಲ್ಲಿ ಅದು ಕರಗುತ್ತೆ, ಟ್ಯಾರಿಫ್‌ಗೂ ಅದಕ್ಕೂ ಸಂಬಂಧ ಇಲ್ಲ. ಇನ್ನೊಂದು, ಫಿಕ್ಸೆಡ್ ಡೀಲ್‌ಗಳಿಗೆ ಕ್ಯಾಪ್ ಅನ್ವಯ ಆಗಲ್ಲ, ಕಂಪನಿ ಕ್ಯಾಪ್‌ಗಿಂತ ಕಮ್ಮಿಗೂ ಕೊಡಬಹುದು ಜಾಸ್ತಿಗೂ ಕೊಡಬಹುದು. "ಫಿಕ್ಸ್ ಅಂದ್ಮೇಲೆ ಸೇಫು" ಅಂತ ಕಣ್ಣುಮುಚ್ಚಿ ಒಪ್ಕೋಬಾರದು ಅನ್ನೋದು ಇದಕ್ಕೇ.

ಈಗ ಕೆಲಸಕ್ಕೆ ಬರೋಣ. ನಿಮಗೆ ಬೇಕಾಗಿರೋದು ವರ್ಷಕ್ಕೆ ನೀವು ಎಷ್ಟು ಯೂನಿಟ್ ಉಪಯೋಗಿಸ್ತೀರ ಅನ್ನೋ ಎರಡು ನಂಬರ್, ಕರೆಂಟಿಗೊಂದು ಗ್ಯಾಸಿಗೊಂದು. ಒಂದು ವರ್ಷ ಆ ಮನೇಲಿ ಇದ್ರೆ ಬಿಲ್ಲಲ್ಲೇ ವಾರ್ಷಿಕ ಬಳಕೆ ಅಂತ ಬರೆದಿರುತ್ತೆ. ಹೊಸಬರಾದ್ರೆ ಸಣ್ಣ ಫ್ಲಾಟಿಗೆ 1,800 ಕರೆಂಟು, 7,500 ಗ್ಯಾಸ್ ಅಂತ ಇಟ್ಕೊಂಡು ಶುರು ಮಾಡಿ, ಕಮ್ಮಿ ಬಳಸೋ ಮನೆಗೆ ಆಫ್‌ಜೆಮ್ ಇಟ್ಕೊಂಡಿದ್ದ ಅಂದಾಜೇ ಅದು. ಗ್ಯಾಸ್ ಮೀಟರ್ ನೋಡ್ವಾಗ ಹುಷಾರು, ಅದರ ಮೇಲೆ ಓಡೋದು ಯೂನಿಟ್ ಅಲ್ಲ, ಗ್ಯಾಸಿನ ಗಾತ್ರ. ಮುಖದ ಮೇಲೆ ಸಣ್ಣ ಅಕ್ಷರದಲ್ಲಿ ಎಂ3 ಅಂತ ಇದ್ರೆ ಕ್ಯೂಬಿಕ್ ಮೀಟರ್, ಒಂದಕ್ಕೆ ಹೆಚ್ಚುಕಮ್ಮಿ 11 ಯೂನಿಟ್. ಮೆಟ್ಟಿಲ ಕೆಳಗಿನ ಕಪಾಟಲ್ಲಿ ಧೂಳು ಹಿಡ್ಕೊಂಡು ಕೂತಿರೋ ಹಳೇ ಮೀಟರ್ ಆದ್ರೆ ಎಫ್‌ಟಿ3 ಅಂತ ಇರುತ್ತೆ, ಅದು ಅಡಿ ಲೆಕ್ಕ, ನೂರು ಘನ ಅಡಿ ಸೇರಿದ್ರೆ 2.83 ಕ್ಯೂಬಿಕ್ ಮೀಟರ್. ಇದನ್ನ ನೋಡದೇ ರೀಡಿಂಗನ್ನೇ ಯೂನಿಟ್ ಅಂದ್ಕೊಂಡ್ರೆ ಲೆಕ್ಕ ಪೂರ್ತಿ ಹಳ್ಳ ಹಿಡಿಯುತ್ತೆ.

ಉದಾಹರಣೆಗೆ 2025ರ ಅಕ್ಟೋಬರ್-ಡಿಸೆಂಬರ್ ಕ್ಯಾಪ್ ತಗೊಳ್ಳೋಣ. ಡೈರೆಕ್ಟ್ ಡೆಬಿಟ್‌ನಲ್ಲಿ ಕಟ್ಟೋರಿಗೆ ಸರಾಸರಿ ರೇಟು ಕರೆಂಟು ಯೂನಿಟ್‌ಗೆ 26.35 ಪೆನ್ಸ್, ಸ್ಟ್ಯಾಂಡಿಂಗ್ ಚಾರ್ಜ್ ದಿನಕ್ಕೆ 53.68 ಪೆನ್ಸ್, ಗ್ಯಾಸ್ ಯೂನಿಟ್‌ಗೆ 6.29, ದಿನಕ್ಕೆ 34.03. 5% ವ್ಯಾಟ್ ಇದರಲ್ಲೇ ಸೇರಿದೆ, ಊರಿಂದ ಊರಿಗೆ ಸ್ವಲ್ಪ ವ್ಯತ್ಯಾಸ ಇರುತ್ತೆ. 1,800 ಮತ್ತು 7,500 ಯೂನಿಟ್‌ಗೆ ಲೆಕ್ಕ ಹಾಕಿದ್ರೆ ವರ್ಷಕ್ಕೆ ಸುಮಾರು 1,266 ಪೌಂಡ್. ಈಗ ಯಾವುದೋ ಕಂಪನಿ ಒಂದು ವರ್ಷದ ಫಿಕ್ಸ್ ಕೊಡ್ತಿದೆ ಅಂದ್ಕೊಳ್ಳಿ, ನಂಬರ್ ನಾನೇ ಹಾಕ್ಕೊಂಡಿರೋದು: ಕರೆಂಟು 24.5 ಪೆನ್ಸ್ ದಿನಕ್ಕೆ 52, ಗ್ಯಾಸ್ 5.9 ದಿನಕ್ಕೆ 31. ಅದು 1,186 ಆಗುತ್ತೆ. ಅಂದ್ರೆ 80 ಪೌಂಡ್, ಸುಮಾರು 6% ಉಳಿತಾಯ.

ಇದರಿಂದ ನಿಮ್ಮ ಪ್ರಶ್ನೆ ತುಂಬಾ ಚಿಕ್ಕದಾಗುತ್ತೆ. ರೇಟ್ ಏರುತ್ತಾ ಇಳಿಯುತ್ತಾ ಅಂತ ಭವಿಷ್ಯ ಹೇಳೋದು ಬೇಡ, ಮುಂದಿನ ಹನ್ನೆರಡು ತಿಂಗಳಲ್ಲಿ ಕ್ಯಾಪ್ ಸರಾಸರಿ 6%ಗಿಂತ ಜಾಸ್ತಿ ಇಳಿಯುತ್ತೆ ಅಂತ ನಿಮಗೆ ಗಟ್ಟಿ ನಂಬಿಕೆ ಇದ್ಯಾ ಅಂತ ಕೇಳ್ಕೊಳ್ಳಿ. ಇಲ್ಲ ಅಂದ್ರೆ ಫಿಕ್ಸ್ ಮಾಡಿ. ಸರಾಸರಿಯಲ್ಲೂ ಒಂದು ಸೂಕ್ಷ್ಮ ಇದೆ: ಈ ದೇಶದಲ್ಲಿ ಗ್ಯಾಸಿನ ಬಹುಪಾಲು ಉರಿಯೋದು ಅಕ್ಟೋಬರಿಂದ ಮಾರ್ಚ್ ಒಳಗೆ, ಜುಲೈನಲ್ಲಿ ಕ್ಯಾಪ್ ಇಳಿದ್ರೆ ಖುಷಿಪಡೋಕೆ ಬಿಟ್ರೆ ಜೇಬಿಗೆ ಏನೂ ದೊಡ್ಡದಾಗಿ ಸಿಗಲ್ಲ, ಜನವರಿ ರೇಟ್ ಏನು ಅನ್ನೋದೇ ಮುಖ್ಯ. ಹಾಗಾಗಿ ಚಳಿಗಾಲದ ಬಾಗಿಲಲ್ಲಿ ನಿಂತು ಯೋಚನೆ ಮಾಡ್ತಿದ್ರೆ, ಕ್ಯಾಪ್‌ಗಿಂತ ಕಮ್ಮಿ ಇರೋ ಫಿಕ್ಸ್ ಸಿಕ್ತಿದ್ರೆ, ನಾನಂತೂ ಕಾಯಲ್ಲ.

ಮಾರ್ಕೆಟ್ ನೋಡಿ ಸರಿಯಾದ ಟೈಮಲ್ಲಿ ಫಿಕ್ಸ್ ಮಾಡ್ತೀನಿ ಅನ್ನೋರಿಗೆ ಹಳೇದೊಂದು ನೆನಪು ಮಾಡ್ತೀನಿ. 2021 ಅಕ್ಟೋಬರ್‌ನಲ್ಲಿ ಕ್ಯಾಪ್ 1,277 ಇತ್ತು, 2022 ಏಪ್ರಿಲ್‌ಗೆ 1,971, ಅದೇ ವರ್ಷ ಅಕ್ಟೋಬರ್‌ಗೆ 3,549ಕ್ಕೆ ಹೋಗಿ, ಜನ ತಡ್ಕೊಳ್ಳೋಕಾಗಲ್ಲ ಅಂತ ಸರ್ಕಾರ ನಡುವೆ ಬಂದು ಸಾಧಾರಣ ಮನೆಗೆ 2,500 ಮಟ್ಟದಲ್ಲಿ ನಿಲ್ಲಿಸ್ತು. 2023 ಜುಲೈಗೆ ಕ್ಯಾಪ್ 2,074ಕ್ಕೆ ಬಂತು. 2021ರ ಮೊದಲರ್ಧದಲ್ಲಿ ಎರಡು ವರ್ಷಕ್ಕೆ ಫಿಕ್ಸ್ ಮಾಡಿದ್ದವರು ರಾಜರ ಥರ ಇದ್ರು, ಆದ್ರೆ ಅವರೇನೂ ಗ್ಯಾಸ್ ಪೈಪ್‌ಲೈನ್ ರಾಜಕೀಯ ಓದ್ಕೊಂಡು ಮಾಡಿದ್ದಲ್ಲ, ಹಳೇ ಡೀಲ್ ಮುಗಿದಿತ್ತು ಹೊಸದು ಮಾಡಿದ್ರು ಅಷ್ಟೇ. ಅದ್ರಲ್ಲೂ ಕೆಲವರಿಗೆ ದಕ್ಕಲಿಲ್ಲ, ಆ ಹೊತ್ತಿಗೆ 25ಕ್ಕೂ ಹೆಚ್ಚು ಸಪ್ಲೈಯರ್‌ಗಳು ಮುಳುಗಿದ್ರು. ಹಾಗೆ ಮುಳುಗಿದಾಗ ಕರೆಂಟ್ ಕಟ್ ಆಗಲ್ಲ, ಅಕೌಂಟಲ್ಲಿರೋ ದುಡ್ಡೂ ಹೋಗಲ್ಲ, ಆಫ್‌ಜೆಮ್ ಬೇರೆ ಕಂಪನಿಗೆ ದಾಟಿಸುತ್ತೆ, ಆದ್ರೆ ಹಳೇ ಫಿಕ್ಸ್ ರೇಟ್ ಹೋಯ್ತು ಅಂತಾನೇ ಲೆಕ್ಕ.

ಎಕ್ಸಿಟ್ ಫೀ ಬಗ್ಗೆ ಜನ ಬೇಕಾದ್ದಕ್ಕಿಂತ ಜಾಸ್ತಿ ಹೆದರ್ತಾರೆ ಅಥವಾ ನೋಡೋದೇ ಇಲ್ಲ. ಫಿಕ್ಸ್ ಮಧ್ಯದಲ್ಲಿ ಬಿಟ್ರೆ ಕಟ್ಟೋ ದಂಡ ಅದು, ಸಾಮಾನ್ಯವಾಗಿ ಕರೆಂಟಿಗೆ ಬೇರೆ ಗ್ಯಾಸಿಗೆ ಬೇರೆ. ಎರಡಕ್ಕೂ 50-50 ಇದ್ರೆ ಒಟ್ಟು 100 ಪೌಂಡ್, ನಮ್ಮ ಮೇಲಿನ ಲೆಕ್ಕದಲ್ಲಿ ವರ್ಷದ ಉಳಿತಾಯಕ್ಕಿಂತ ಜಾಸ್ತಿ! ಅದಕ್ಕೇ ಒಂದೇ ಥರ ಇರೋ ಎರಡು ಡೀಲ್ ಸಿಕ್ಕಿ ಒಂದಕ್ಕೆ ಎಕ್ಸಿಟ್ ಫೀ ಇಲ್ಲ ಅಂದ್ರೆ ಹತ್ತಿಪ್ಪತ್ತು ಪೌಂಡ್ ಜಾಸ್ತಿ ಆದ್ರೂ ಅದನ್ನೇ ತಗೊಳ್ಳಿ. ಫೀ ಇಲ್ಲದ ಫಿಕ್ಸ್ ಅಂದ್ರೆ ರೇಟ್ ಏರಿದ್ರೆ ನೀವು ಒಳಗೆ, ಇಳಿದ್ರೆ ಎದ್ದು ಬರಬಹುದು, ಇದಕ್ಕಿಂತ ಇನ್ನೇನು ಬೇಕು. ಡೀಲ್ ಒಪ್ಕೊಂಡ ಮೇಲೆ 14 ದಿನದೊಳಗೆ ಮನಸ್ಸು ಬದಲಾದ್ರೆ ಏನೂ ಕೊಡದೇ ಬಿಡಬಹುದು, ಮುಗಿಯೋಕೆ 49 ದಿನ ಉಳಿದಿರುವಾಗಿಂದ ಫೀ ಕೇಳೋ ಹಾಗಿಲ್ಲ. ಈ 49 ದಿನದ ತಾರೀಕನ್ನ ಈಗ್ಲೇ ಫೋನಲ್ಲಿ ರಿಮೈಂಡರ್ ಹಾಕಿ, ಇಲ್ಲಾಂದ್ರೆ ಡೀಲ್ ಮುಗಿದ ದಿನ ಸದ್ದಿಲ್ಲದೆ ವೇರಿಯಬಲ್‌ಗೆ ಜಾರಿರ್ತೀರ.

ಹಾಗಾದ್ರೆ ವೇರಿಯಬಲ್ ಯಾರಿಗೆ? ಪ್ರಾಜೆಕ್ಟ್ ನಾಲ್ಕು ತಿಂಗಳಲ್ಲಿ ಮುಗಿಯುತ್ತೆ, ವೀಸಾ ಡೌಟು, ಮನೆ ಓನರ್ ಮಾರ್ತೀನಿ ಅಂತಿದ್ದಾರೆ, ಇಂಥವರಿಗೆ ಆರಾಮ. ಯಾವತ್ತು ಬೇಕಾದ್ರೂ ಬಿಡಬಹುದು, ದಂಡ ಇಲ್ಲ. ಮನೆ ಬದಲಾಯಿಸಿದ್ರೆ ಫಿಕ್ಸ್ ಜೊತೆಗೆ ಬರುತ್ತಾ, ಫೀ ಹಾಕ್ತಾರಾ ಅಂತ ಸೈನ್ ಮಾಡೋ ಮುಂಚೆ ಚಾಟ್‌ನಲ್ಲಿ ಕೇಳಿ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಬಾಡಿಗೆಯವರು ಅಂತ ಹಿಂಜರಿಬೇಡಿ, ಬಿಲ್ ನಿಮ್ಮ ಹೆಸರಲ್ಲಿದ್ರೆ ಕಂಪನಿ ಬದಲಾಯಿಸೋ ಹಕ್ಕು ನಿಮ್ಮದೇ.

ಎರಡು ತಿಂಗಳು ಊರಿಗೆ ಹೋಗೋ ಪ್ಲಾನ್ ಇರೋರು ಸ್ಟ್ಯಾಂಡಿಂಗ್ ಚಾರ್ಜ್ ಕಡೆ ಒಂದು ಕಣ್ಣಿಡಿ. ಬೆಸ್ಕಾಂ ಬಿಲ್ಲಿನ ಫಿಕ್ಸೆಡ್ ಚಾರ್ಜ್ ಇದ್ಯಲ್ಲ, ಅದರ ದಾಯಾದಿ ಇದು, ಮನೆ ಬೀಗ ಹಾಕಿದ್ರೂ ಓಡ್ತಾ ಇರುತ್ತೆ. ಮೇಲಿನ ರೇಟಲ್ಲಿ ಎರಡೂ ಸೇರಿ ದಿನಕ್ಕೆ 87.71 ಪೆನ್ಸ್, 60 ದಿನಕ್ಕೆ 52 ಪೌಂಡ್ ಚಿಲ್ಲರೆ. ಕೆಲವು ಫಿಕ್ಸ್‌ಗಳು ಯೂನಿಟ್ ರೇಟನ್ನ ದೊಡ್ಡಕ್ಷರದಲ್ಲಿ ತೋರಿಸಿ ಇದನ್ನ ಏರಿಸಿರ್ತಾರೆ. ಕಮ್ಮಿ ಬಳಸೋರಿಗೆ ಅಂಥದ್ದು ನಷ್ಟ.

ಮೂರನೇ ಜಾತಿ ಟ್ಯಾರಿಫ್‌ಗಳೂ ಇವೆ. ಆಕ್ಟೋಪಸ್ ಅನ್ನೋ ಕಂಪನಿಯ ಅಜೈಲ್‌ನಲ್ಲಿ ಕರೆಂಟ್ ರೇಟು ಅರ್ಧ ಗಂಟೆಗೊಂದ್ಸಲ ಬದಲಾಗುತ್ತೆ, ಸ್ಮಾರ್ಟ್ ಮೀಟರ್ ಬೇಕೇ ಬೇಕು, ಗಾಳಿ ಜೋರಾಗಿರೋ ರಾತ್ರಿ ಕೆಲವೊಮ್ಮೆ ರೇಟು ಸೊನ್ನೆಗಿಂತ ಕೆಳಗೂ ಹೋಗುತ್ತೆ. ಆದ್ರೆ ಸಂಜೆ 4ರಿಂದ 7 ದುಬಾರಿ, ಯೂನಿಟ್‌ಗೆ ಗರಿಷ್ಠ 100 ಪೆನ್ಸ್‌ವರೆಗೂ ಹೋಗಬಹುದು. ಮಕ್ಕಳು ಸ್ಕೂಲಿಂದ ಬರೋದು, ಇಂಡಕ್ಷನ್ ಮೇಲೆ ಕುಕ್ಕರ್ ಇಡೋದು, ಚಪಾತಿ ಬೇಯಿಸೋದು ಎಲ್ಲಾ ಅದೇ ಮೂರು ಗಂಟೇಲಿ ಅನ್ನೋ ಮನೆಗೆ ಇದು ಹೊಂದಲ್ಲ. ಎಲೆಕ್ಟ್ರಿಕ್ ಕಾರು ರಾತ್ರಿ ಚಾರ್ಜ್ ಮಾಡೋರಿಗೆ, ಅಡುಗೆ ಗ್ಯಾಸಿನ ಮೇಲೇ ಇರೋರಿಗೆ ನೋಡಬಹುದು.

ಲಂಡನ್ನಿನ ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿರೋರು ಇದೆಲ್ಲಾ ಓದೋ ಮುಂಚೆ ಬಿಸಿನೀರು ಎಲ್ಲಿಂದ ಬರ್ತಿದೆ ಅಂತ ನೋಡಿ. ಇಡೀ ಬಿಲ್ಡಿಂಗಿಗೆ ಒಂದೇ ಕಡೆಯಿಂದ ಬರ್ತಿದ್ರೆ ಅದು ಹೀಟ್ ನೆಟ್‌ವರ್ಕ್, ಅದಕ್ಕೆ ಪ್ರೈಸ್ ಕ್ಯಾಪ್ ಇಲ್ಲ, ಕಂಪನಿ ಬದಲಾಯಿಸೋಕೂ ಆಗಲ್ಲ, ಆಯ್ಕೆ ಇರೋದು ಕರೆಂಟಿಗೆ ಮಾತ್ರ. ಬೆಲ್‌ಫಾಸ್ಟ್ ಕಡೆ ಇರೋರಿಗೂ ಈ ಕ್ಯಾಪ್ ಲೆಕ್ಕ ನಡೆಯಲ್ಲ, ಉತ್ತರ ಐರ್ಲೆಂಡಿನ ನಿಯಂತ್ರಕರು ಬೇರೆ.

ನಿರ್ಧಾರ ಆದ್ಮೇಲೆ ಕೆಲಸ ಸುಲಭ, ಹೊಸ ಕಂಪನಿಗೆ ಅಪ್ಲೈ ಮಾಡಿದ್ರೆ ಹಳೇದನ್ನ ಅವರೇ ನೋಡ್ಕೋತಾರೆ, ಐದು ವರ್ಕಿಂಗ್ ಡೇ ಸಾಕು, ಯಾರೂ ಬಂದು ವೈರ್ ಪೈಪ್ ಮುಟ್ಟಲ್ಲ. ಬದಲಾಗೋ ದಿನ ಎರಡೂ ಮೀಟರಿನ ಫೋಟೋ ತೆಗೆದಿಟ್ಕೊಳ್ಳಿ, ಸ್ಮಾರ್ಟ್ ಮೀಟರ್ ಇದ್ರೂ ಸರಿ. ಹಳೇ ಕಂಪನಿ ಫೈನಲ್ ಬಿಲ್‌ನಲ್ಲಿ ಅಂದಾಜು ರೀಡಿಂಗ್ ಹಾಕಿ ಕಳಿಸಿದ್ರೆ ಆ ಫೋಟೋ ಲಗತ್ತಿಸಿ ಒಂದು ಮೇಲ್ ಹಾಕಿ, ಉಳಿದಿರೋ ಕ್ರೆಡಿಟ್ ವಾಪಸ್ ಕೇಳೋದನ್ನ ಮರೀಬೇಡಿ.